ಬೆಟ್ಟದ ಕಡೆ, ಸೇತುವೆ ಕಡೆ

“ತಲುಪಿದ್ವೇನೇ?” ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಇನ್ನು ಸ್ವಲ್ಪ ಇದೆ,” ಎಂದಳು ಚೂಟಿ. ಅದು ಸುಳ್ಳು. ದೋಣಿ ಹೊರಟ ದಡದ ಹತ್ತಿರವೇ ಬುಗುರಿಯಂತೆ ಸುತ್ತುತ್ತಿತ್ತು.

ಪಕ್ಕದ ದೋಣಿಯಲ್ಲಿ ಅಪ್ಪ ಹುಟ್ಟು ಹಾಕುತ್ತಿದ್ದರು. ಅಣ್ಣ ಕಾಲು ಚಾಚಿ ಬಿಸ್ಕೆಟ್ ತಿನ್ನುತ್ತಿದ್ದ.

“ಏ ಚೂಟಿ, ದೋಣಿ ನಡೆಸ್ತಿದ್ದೀಯೋ, ಮೊಸರು ಕಡೀತಿದ್ದೀಯೋ?”

“ನೀನು ನಿನ್ನ ಬಿಸ್ಕೆಟ್ ನೋಡ್ಕೋ.”

ಈ ರಜೆಯಲ್ಲಿ ಅವರು ಬೆಟ್ಟಗಳ ನಡುವಿನ ಸರೋವರದ ಊರುಗಳನ್ನು ಒಂದೊಂದಾಗಿ ನೋಡುತ್ತ ಬಂದಿದ್ದರು. ಒಂದೂರಿನಲ್ಲಿ ಕಲ್ಲು ಹಾಸಿದ ಇಕ್ಕಟ್ಟು ಬೀದಿ. ಇನ್ನೊಂದರಲ್ಲಿ ಕಿಟಕಿ ಕಿಟಕಿಗೂ ಹೂವಿನ ಕುಂಡ. ಒಂದು ಮಾತ್ರ ಎಲ್ಲಿಯೂ ಬದಲಾಗಲಿಲ್ಲ. ಉಳಿದವರು ದೋಣಿ ಹತ್ತುತ್ತಿದ್ದರು. ಅಜ್ಜಿ ದಡದ ಬೆಂಚಿನಲ್ಲಿ ಕುಳಿತು ಬ್ಯಾಗು ಕಾಯುತ್ತಿದ್ದರು. “ನೀರು ಕಂಡ್ರೆ ನನಗೆ ಎದೆ ಡವಡವ ಅನ್ನುತ್ತೆ. ನೀವು ಹೋಗಿ ಬನ್ನಿ.”

ಇದು ಕೊನೆಯ ಊರು. ಚೂಟಿ ಬೆಳಗಿನಿಂದ ಅಜ್ಜಿಯ ಬೆನ್ನು ಬಿಟ್ಟಿರಲಿಲ್ಲ. ಆಚೆ ದಡದ ಚಹಾ ಅಂಗಡಿಗೆ ತಾನೇ ನೆಟ್ಟಗೆ ಕರೆದೊಯ್ಯುವೆನೆಂದು ಮಾತು ಕೊಟ್ಟ ಮೇಲೆ ಅವರು ಲೈಫ್ ಜಾಕೆಟ್ ತೊಟ್ಟು ದೋಣಿಗೆ ಇಳಿದಿದ್ದರು. ಈಗ ಹಿಂದಿರುಗಿದರೆ ಮತ್ತೆಂದೂ ಇಳಿಯುವವರಲ್ಲ.

ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಚೂಟಿಗೆ ಅದು ಒಗ್ಗಲಿಲ್ಲ. ಮತ್ತೆ ಮತ್ತೆ ಕತ್ತು ಹೊರಳಿಸಿ ನೋಡುವಳು. ಕತ್ತು ಹೊರಳಿದಾಗಲೆಲ್ಲ ಒಂದು ಕೈ ಸಡಿಲವಾಗುವುದು. ಎರಡು ಹುಟ್ಟುಗಳ ಎಳೆತ ಸಮವಾಗಿರದಿದ್ದರೆ ದೋಣಿ ಸುತ್ತಲೇಬೇಕು. ಅದರಲ್ಲಿ ದೋಣಿಯ ತಪ್ಪಿಲ್ಲ.

“ಚೂಟಿ, ವಾಪಸ್ ಹೋಗೋಣ್ವಾ?” ಅಪ್ಪ ಕೂಗಿದರು.

“ಬೇಡ ಅಪ್ಪ.” ಎದುರಿಗೆ ಅಜ್ಜಿ ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದು ಕುಳಿತಿದ್ದರು. ಅವರ ಮುಖ ಅಂಗಡಿಯ ಕಡೆಗೇ ಇತ್ತು.

“ಅಜ್ಜಿ, ಕಣ್ಣು ಬಿಡು. ನನಗೆ ದಾರಿ ಕಾಣಲ್ಲ, ನಿನಗೆ ಕಾಣುತ್ತೆ.”

“ಕಣ್ಣು ಬಿಟ್ರೆ ನೀರು ಕಾಣುತ್ತೆ ಕಣೇ.”

“ನೀರು ನೋಡ್ಬೇಡ. ಅಂಗಡಿ ನೋಡು.”

ಅಜ್ಜಿ ಒಂದು ಕಣ್ಣು ಬಿಟ್ಟರು. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಬಿಟ್ಟರು.

“ಅಯ್ಯೋ, ಅಂಗಡಿ ಅಲ್ಲೆಲ್ಲೋ ಇದೆ. ನೀನು ಬಾತುಕೋಳಿ ಮನೆಗೆ ಹೊರಟಿದ್ದೀಯ. ಬಲಕ್ಕೆ ತಿರುಗಿಸು.”

ಚೂಟಿ ತಿರುಗಿಸಿದಳು. ಬಾತುಕೋಳಿಗಳು ಬೈದುಕೊಳ್ಳುತ್ತ ಚದುರಿದವು.

“ಬಲಕ್ಕೆ ಅಂದ್ರೆ ಎಡಕ್ಕೆ ಹೋಗ್ತೀಯಲ್ಲೇ.”

“ಇದೇ ಅಲ್ವಾ ಬಲ?”

“ಅದು ಹೇಗೆ? ಬಲ ಇದು.”

ಎದುರುಬದುರು ಕುಳಿತ ಇಬ್ಬರೂ ಬಲಗೈ ಚಾಚಿದರು. ಒಂದು ಕೈ ಬೆಟ್ಟವನ್ನು ತೋರಿಸಿತು, ಇನ್ನೊಂದು ಸೇತುವೆಯನ್ನು. ಇಬ್ಬರೂ ಹೇಳಿದ್ದು ಸರಿಯೇ. ಆದರೆ ದೋಣಿ ಒಂದೇ.

ಮೊದಲು ನಕ್ಕವರು ಅಜ್ಜಿ. “ಎಡ ಬಲ ಎರಡೂ ಬೇಡ. ಬೆಟ್ಟದ ಕಡೆ, ಸೇತುವೆ ಕಡೆ ಅಂತೀನಿ. ಸರಿನಾ?”

ಆಮೇಲೆ ದೋಣಿಗೆ ಬುದ್ಧಿ ಬಂತು. “ಬೆಟ್ಟದ ಕಡೆ. ಇನ್ನೂ ಸ್ವಲ್ಪ. ಸಾಕು, ಈಗ ನೆಟ್ಟಗೆ ಎಳಿ. ಏಯ್ ಬಿಸ್ಕೆಟ್ ಸಾಹುಕಾರ, ದಾರಿ ಬಿಡೋ.”

ಚಾಚಿದ ಕೈಯನ್ನು ಅಜ್ಜಿ ಮತ್ತೆ ಅಂಚಿಗೆ ಇಡಲೇ ಇಲ್ಲ.

ಅಂಗಡಿಯಲ್ಲಿ ಚಹಾ ಕುಡಿದು ಹೊರಟಾಗ ಅಪ್ಪ, “ಅಮ್ಮ, ಈಗ ನನ್ನ ದೋಣಿಗೆ ಬನ್ನಿ,” ಎಂದರು.

“ನಾನು ಬಂದ್ರೆ ಇವಳಿಗೆ ದಾರಿ ಹೇಳೋರು ಯಾರಪ್ಪಾ?” ಎನ್ನುತ್ತ ಅಜ್ಜಿ ತಮ್ಮ ಜಾಗದಲ್ಲಿ ಹೋಗಿ ಕುಳಿತರು.

ಸ್ವಲ್ಪ ದೂರ ಬಂದ ಮೇಲೆ ಚೂಟಿ ಒಂದನ್ನು ಗಮನಿಸಿದಳು. ಅಂಗಡಿಯ ಪಕ್ಕದ ಒಂಟಿ ಮರ ಅಜ್ಜಿಯ ತಲೆಯ ಮೇಲೆಯೇ ಬೆಳೆದಂತೆ ಕಾಣುತ್ತಿತ್ತು. ದೋಣಿ ತಿರುಗಿದರೆ ಮರ ಪಕ್ಕಕ್ಕೆ ಜಾರುವುದು. ನೆಟ್ಟಗಾದರೆ ಮತ್ತೆ ತಲೆಯ ಮೇಲೆ ಬಂದು ನಿಲ್ಲುವುದು. ಮರವನ್ನು ಅಲ್ಲಿಯೇ ಇರಿಸಿಕೊಂಡರೆ ಸಾಕು. ಯಾರೂ ದಾರಿ ಹೇಳಬೇಕಾಗಿಲ್ಲ.

ಅಣ್ಣನಿಗೆ ಕೂಗಿ ಹೇಳಲು ಅವಳು ಬಾಯಿ ತೆರೆದಳು.

ಅಜ್ಜಿ ಸರೋವರದ ನಟ್ಟನಡುವೆ ಬೆನ್ನು ನೆಟ್ಟಗೆ ಮಾಡಿಕೊಂಡು, ಹುಬ್ಬಿನ ಮೇಲೆ ಕೈಯಿಟ್ಟು, ದೂರದ ದಡವನ್ನು ನೋಡುತ್ತಿದ್ದರು. ನೀರಿನ ಹನಿಗಳು ಸೀರೆಯ ಮೇಲೆ ಬಿದ್ದದ್ದೂ ಅವರಿಗೆ ತಿಳಿದಂತಿರಲಿಲ್ಲ.

ಚೂಟಿ ಒಂದು ಹುಟ್ಟನ್ನು ತುಸು ಸಡಿಲ ಬಿಟ್ಟಳು. ಮರ ಮೆಲ್ಲನೆ ಪಕ್ಕಕ್ಕೆ ಜಾರಿತು.

“ಅಜ್ಜಿ, ಯಾವ ಕಡೆ?”

“ಸೇತುವೆ ಕಡೆ,” ಎಂದರು ಅಜ್ಜಿ. “ನಾನಿದ್ದೀನಿ, ನೀನು ಎಳಿ.”