ಹೊಲಿಗೆ ಬಿಚ್ಚಿದ ಅಂಗಿಗಳು

"ಇನ್ನೆಷ್ಟು ಉಳಿದಿದೆ?"

ಬಾಗಿಲಾಚೆಯಿಂದ ಅತ್ತೆಯ ದನಿ ಕೇಳುತ್ತಲೇ ಸೊಸೆ ಕಣ್ಣು ತೆರೆದಳು. ಲಾಂಡ್ರಿಯಿಂದ ಆಗತಾನೇ ಬಂದು, ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಒರಗಿದ್ದಳು. ಮೂರು ವಾರಗಳಿಂದ ದಿನವೂ ಸಂಜೆ ಇದೇ ಪ್ರಶ್ನೆ. ಹೇಗಿದ್ದೀಯಾ ಎಂದಲ್ಲ, ನೋವಿದೆಯಾ ಎಂದಲ್ಲ... ಇನ್ನೆಷ್ಟು ಉಳಿದಿದೆ!

"ಹತ್ತು, ಅತ್ತೆ."

ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಬಹಳ ಹೊತ್ತು ಹಾಗೇ ನಿಂತಿತ್ತು.

ಎಡ ಸ್ತನದ ಗಂಟನ್ನು ತೆಗೆದ ಮೇಲೆ ವೈದ್ಯರು ಇಪ್ಪತ್ತೈದು ದಿನಗಳ ವಿಕಿರಣ ಚಿಕಿತ್ಸೆ ಬರೆದುಕೊಟ್ಟಿದ್ದರು. ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆ, ಹತ್ತಕ್ಕೆ ಲಾಂಡ್ರಿ. ಮೊದಲ ವಾರ ಏನೂ ಅನಿಸಲಿಲ್ಲ. ಎರಡನೆಯ ವಾರ ಚರ್ಮ ಕೆಂಪಗಾಗಿ ಬಿಗಿಯಿತು. ಎಡಗೈ ಎತ್ತಿ ಹ್ಯಾಂಗರ್ ತೂಗುಹಾಕುವುದೇ ಕಷ್ಟವಾಯಿತು. ಮೂರನೆಯ ವಾರ, ಎಷ್ಟು ಮಲಗಿದರೂ ಹೋಗದ ಸುಸ್ತು. ಹಬೆ ಇಸ್ತ್ರಿಯ ಮುಂದೆ ಅವಳು ತೂಕಡಿಸಿದ್ದನ್ನು ಕಂಡ ಲಾಂಡ್ರಿಯ ಯಜಮಾನ ಸ್ವಿಚ್ ಆರಿಸಿಬಿಟ್ಟ.

"ಬಟ್ಟೆ ಸುಕ್ಕಾದ್ರೆ ನೀನಿದ್ದೀಯ. ನೀನೇ ಸುಕ್ಕಾದ್ರೆ ನಾನು ಯಾರ ಹತ್ರ ಕೊಡ್ಲಿ? ಹೋಗು, ಕೌಂಟರಲ್ಲಿ ಕೂತ್ಕೊಂಡು ನಂಬರ್ ಚೀಟಿ ಹಚ್ಚು."

ಅವಳಿಗೆ ನಗು ಬಂದಿತ್ತು. ಮನೆಯಲ್ಲಿ ಮಾತ್ರ ನಗುವಂಥದ್ದು ಏನೂ ಇರಲಿಲ್ಲ. ಗಂಡ ಸರಕು ಲಾರಿಯ ಚಾಲಕ. ವಾರದಲ್ಲಿ ಐದು ದಿನ ದಾರಿಯ ಮೇಲೆ. ಉಳಿದವರು ಇವಳು ಮತ್ತು ಅತ್ತೆ. ಮದುವೆಯಾದ ಎಂಟು ವರ್ಷಗಳಲ್ಲಿ ಒಮ್ಮೆಯೂ ಮುಖ ಕೊಟ್ಟು ಮಾತನಾಡದ ಅತ್ತೆ!

ಆಮೇಲೆ ಅಂಗಿಗಳ ವಿಷಯ ಶುರುವಾಯಿತು. ಒಂದು ದಿನ ಅವಳ ನೀಲಿ ಅಂಗಿಯ ಎಡ ಕಂಕುಳ ಹೊಲಿಗೆ ಬಿಚ್ಚಿಹೋಗಿತ್ತು. ಮರುದಿನ ಇನ್ನೊಂದು. ವಾರ ಮುಗಿಯುವಷ್ಟರಲ್ಲಿ ಕಪಾಟಿನಲ್ಲಿದ್ದ ಅಷ್ಟೂ ಅಂಗಿಗಳು! ಬಟ್ಟೆಯಲ್ಲೇ ಬದುಕಿದವಳಿಗೆ ಗೊತ್ತಾಗದೇ? ಹರಿದದ್ದಲ್ಲ, ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿದ್ದು. ಲಾಂಡ್ರಿಗೆ ಹಿಂದೊಮ್ಮೆ ಒಬ್ಬಾತ ಅಂಗಿ ತಂದು, "ಒಂದು ಪಕ್ಕ ಬಿಚ್ಚಿಕೊಡಿ, ತೀರಿಹೋದ ಅಪ್ಪನ ಕೈ ಸೆಟೆದುಹೋಗಿದೆ, ತೊಡಿಸೋಕೆ ಆಗ್ತಿಲ್ಲ" ಎಂದಿದ್ದ. ಅದು ನೆನಪಾಗಿ ಅವಳು ಕಪಾಟಿನ ಬಾಗಿಲನ್ನು ಒತ್ತಿ ಮುಚ್ಚಿದಳು.

ಅದೇ ವಾರ ಒಂದು ಸಂಜೆ, ಜೊಂಪಿನಿಂದ ಎಚ್ಚರವಾದಾಗ ಮಂಚದ ಪಕ್ಕ ಯಾರೋ ಕುಳಿತಿದ್ದರು. ಅವಳು ಕಣ್ಣು ತೆರೆಯಲಿಲ್ಲ. ರೆಪ್ಪೆಯ ಸಂದಿಯಿಂದ ಕಂಡದ್ದು ಅತ್ತೆಯ ಕೈ. ತನ್ನ ಎಡ ಎದೆಯ ಮೇಲೆ, ಮುಟ್ಟದೆ, ಒಂದು ಗೇಣು ಎತ್ತರದಲ್ಲಿ ನಿಂತ ಕೈ... ತುಟಿಗಳು ಏನನ್ನೋ ಎಣಿಸುತ್ತಿದ್ದವು. ಸೊಸೆ ಉಸಿರು ಬಿಗಿಹಿಡಿದು ಸತ್ತವಳಂತೆ ಮಲಗಿದ್ದಳು.

ಹತ್ತು ಎಂದು ಹೇಳಿದ ಮರುದಿನ ಲಾಂಡ್ರಿಯಲ್ಲಿ ಚೀಟಿ ಹಚ್ಚುತ್ತಿದ್ದಂತೆ ಸ್ತನದ ಕೆಳಗೆ ಚುರ್ರೆಂದಿತು. ಬಚ್ಚಲಿಗೆ ಹೋಗಿ ನೋಡಿದರೆ ಚರ್ಮ ಸುಲಿದು ನೀರೊಡೆದಿದೆ. ಮಧ್ಯಾಹ್ನವೇ ಮನೆಗೆ ಬಂದಳು.

"ಇನ್ನೆಷ್ಟು ಉಳಿದಿದೆ?"

"ಒಂಬತ್ತು! ಆದ್ರೆ ನಾಳೆಯಿಂದ ಹೋಗಲ್ಲ. ಚರ್ಮ ಕಿತ್ತು ಬರ್ತಿದೆ, ನನ್ನ ಕೈಲಾಗಲ್ಲ! ನೀವು ಹೇಗಿದ್ರೂ ಹೆಣಕ್ಕೆ ಹಾಕೋ ಬಟ್ಟೆ ರೆಡಿ ಮಾಡಿಟ್ಟಿದ್ದೀರಲ್ಲ!"

ಬಾಗಿಲು ಧಡಾರನೆ ತೆರೆಯಿತು. ಅತ್ತೆಯ ಕೈಯಲ್ಲಿ ಒಂದು ಹಳೆಯ ಅಂಗಿ. ಅದರದ್ದೂ ಎಡ ಕಂಕುಳ ಹೊಲಿಗೆ ಬಿಚ್ಚಿತ್ತು. ಅಂಚಿನಲ್ಲಿ ಒಣಗಿದ ಕಂದು ಕಲೆ.

"ಒಂಬತ್ತಾ? ಅವಳದ್ದೂ ಒಂಬತ್ತಕ್ಕೇ ನಿಂತಿದ್ದು..."

"ಯಾರದ್ದು ಅತ್ತೆ?"

"ನಿನ್ನ ಗಂಡನ ಅಕ್ಕಂದು. ಜ್ವರ ಬಂದು ಹೋದ್ಲು ಅಂತ ಎಲ್ಲರಿಗೂ ಸುಳ್ಳು ಹೇಳ್ದೆ. ಇದೇ ಕಾಯಿಲೆ, ಇದೇ ಮಂಚ. ಮೈ ಹೀಗೇ ಸುಲಿದಿತ್ತು. ಒಳಗೆ ಕರ್ಕೊಂಡು ಹೋಗಿ ಬೆಂಕೀಲಿ ಸುಡ್ತಾರೆ ಅನ್ಕೊಂಡೆ. 'ಒಂಬತ್ತೇ ಅಲ್ವೇನಮ್ಮಾ, ಹೋಗ್ತೀನಿ ಬಿಡು' ಅಂದ್ಲು. ನಾನೇ... ನಾನೇ ಬಾಗಿಲಿಗೆ ಅಡ್ಡ ನಿಂತೆ! ಆಮೇಲೆ ಎರಡು ವರ್ಷಾನೂ ಬದುಕ್ಲಿಲ್ಲ..."

ಸೊಸೆ ಆ ಕಂದು ಕಲೆಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಬಟ್ಟೆ ಉಜ್ಜಿದ್ರೆ ಉರಿಯುತ್ತೆ ಅಂತ ಅವಳ ಅಂಗೀನೂ ಹೀಗೇ ಬಿಚ್ತಿದ್ದೆ. ನಿನ್ನನ್ನ ಮುಟ್ಟೋಕೆ ಭಯ ಕಣೇ. ಈ ಕೈ ಒಳ್ಳೇದಲ್ಲ..."

ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದರು. ವೈದ್ಯೆ ಗಾಯ ನೋಡಿ, "ಈ ಹಂತದಲ್ಲಿ ಕೆಲವರಿಗೆ ಹೀಗಾಗುತ್ತೆ. ಇದಕ್ಕಾಗಿ ನಿಲ್ಲಿಸೋದು ಬೇಡ" ಎಂದರು. ನರ್ಸು ಮುಲಾಮು ಹಚ್ಚಿ, ಅಂಟದ ಪಟ್ಟಿ ಹಾಕುವುದನ್ನು ಅತ್ತೆಗೂ ಕಲಿಸಿಕೊಟ್ಟಳು. ಆ ದಿನದ ಸರದಿ ಬಂದಾಗ ಅತ್ತೆ, "ಒಂದ್ಸಲ ಒಳಗೆ ನೋಡ್ಲಾ?" ಎಂದು ಕೇಳಿದರು. ಯಂತ್ರ ನಡೆಸುವ ಹುಡುಗಿ ಒಪ್ಪಿದಳು.

ಕಿಟಕಿಯಿಲ್ಲದ ಕೋಣೆ. ಬೋಳು ಮೇಜಿನ ಮೇಲೆ ಬಾಗಿ ನಿಂತ ಬಿಳಿಯ ಯಂತ್ರ. ಕಾದ ಕಾವಲಿ ನೋಡುವವರಂತೆ ಅತ್ತೆ ಮುಂಗೈಯನ್ನು ಮೆಲ್ಲಗೆ ಮೇಜಿಗೆ ತಾಕಿಸಿದರು.

"ತಣ್ಣಗಿದೆ..."

"ಇಲ್ಲಿ ಯಾವಾಗ್ಲೂ ಚಳೀನೇ ಅಜ್ಜಿ" ಎಂದಳು ಹುಡುಗಿ.

"ಬೆಂಕಿನೇ ಇಲ್ವಲ್ಲೇ! ಇಷ್ಟು ತಣ್ಣಗಿದ್ಯಲ್ಲೇ!" ಅತ್ತೆ ಆ ಮೇಜಿಗೆ ಕೆನ್ನೆಯಿಟ್ಟು ಸದ್ದಿಲ್ಲದೆ ನಡುಗಿದರು. ಆಮೇಲೆ ಎದ್ದು, ಮೇಜಿನ ಮೇಲೆ ಮಲಗಿದ ಸೊಸೆಯ ಎಡಗೈಯನ್ನು ತಾವೇ ಎತ್ತಿ ತಲೆಯ ಮೇಲಿನ ಆಧಾರಕ್ಕೆ ಒರಗಿಸಿದರು. ಅದೇ ಮೊದಲ ಸಲ ಮುಟ್ಟಿದ್ದು.

ಉಳಿದ ದಿನಗಳೂ ಕಳೆದವು. ಗಾಯ ಮಾಯಲು ಇನ್ನೂ ಕೆಲವು ವಾರ ಬೇಕೆಂದಿದ್ದರು. ಆದರೆ ಚಿಕಿತ್ಸೆ ಮುಗಿದಿತ್ತು. ಮರುದಿನ ಸೊಸೆ ತಡವಾಗಿ ಎದ್ದಳು. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಹಳೆಯ ಅಂಗಿಯನ್ನು ಮಡಿಚಿ ಕೈಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗತ್ತೆ? ಮುಗೀತಲ್ಲ!"

"ನಿಂದು ಮುಗೀತು. ಅವಳದ್ದು ಇದೆ."

ಅತ್ತೆಯ ಕಣ್ಣುಗಳು ಶಾಂತವಾಗಿದ್ದವು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಗಂಡನಿಗೆ ಫೋನು ಮಾಡಲೇ ಎಂದುಕೊಂಡ ಸೊಸೆ, ಮಾಡಲಿಲ್ಲ. ಮುಖ ತೊಳೆದು ಬಂದು ತಾನೂ ಚಪ್ಪಲಿ ಮೆಟ್ಟಿದಳು.

ದಿನವೂ ಇಬ್ಬರೂ ಹೋದರು. ಕಾಯುವ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಆ ಜಾಗದಲ್ಲಿ ಅಂಗಿ ಇರುತ್ತಿತ್ತು. ಜನ ತುಂಬಿದಾಗಲೂ ಅದನ್ನು ಸರಿಸಿ ಕೂರಲು ಯಾರೂ ಬರಲಿಲ್ಲ. ನರ್ಸು ಒಂದೆರಡು ಸಲ ನೋಡಿ, ಏನೂ ಕೇಳದೆ ಹೋದಳು. ಅರ್ಧ ಗಂಟೆಯಾದ ಮೇಲೆ ಅತ್ತೆ ಮನೆಗೆ, ಸೊಸೆ ಲಾಂಡ್ರಿಗೆ.

ಒಂಬತ್ತನೆಯ ದಿನ ಚಿಕಿತ್ಸೆಯ ಕೋಣೆಯ ದಪ್ಪ ಬಾಗಿಲು ತೆರೆದು ಯಾರೋ ರೋಗಿ ಹೊರಬಂದಾಗ ಅತ್ತೆ ತಟ್ಟನೆ ಎದ್ದು ನಿಂತರು. ಅಂಗಿಯನ್ನು ಕೊಡವಿ, ಸೊಸೆಯ ಮಡಿಲಲ್ಲಿಟ್ಟರು.

"ಇದನ್ನ ನಿಮ್ಮ ಲಾಂಡ್ರಿಯಲ್ಲಿ ಒಗೆಸಿಬಿಡು. ನಡಿ, ನಿನಗೆ ಕೆಲಸಕ್ಕೆ ಹೊತ್ತಾಯ್ತು."