ಎರಡು ಸಲ ಜಗ್ಗಿದ ಹಗ್ಗ

ಮಾರ್ಚ್ ೧೧, ಬೆಳಿಗ್ಗೆ ೯.೨೦ಕ್ಕೆ ಮಲ್ಲಕ್ಕ ಮಲಾಡ್ ಪೂರ್ವದ ಠಾಣೆಯ ಮೆಟ್ಟಿಲು ಹತ್ತಿದಳು.

"ಹೆಲಿಕಾಪ್ಟರ್ ಮ್ಯಾಲ ಕೇಸ್ ಹಾಕ್ರಿ. ಕೆರಿ ನೀರಿನ ಕೂಡ ನನ್ನ ಗಂಡನ್ನ ಎತ್ತಿ ಒಯ್ದು ಬೆಂಕ್ಯಾಗ ಒಗದೈತಿ."

ಯಾರೂ ನಗಲಿಲ್ಲ. ಎರಡು ತಾಸಿನ ಹಿಂದೆ ಸುಟ್ಟ ಗುಡ್ಡದ ಮೇಲೆ ಗಂಡಸಿನ ಶವ ಸಿಕ್ಕಿತ್ತು. ಮೈಮೇಲೆ ನೀರಿಗಿಳಿಯುವ ರಬ್ಬರ್ ಉಡುಪು. ಹಿಂದಿನ ದಿನ ಆ ಗುಡ್ಡಕ್ಕೆ ಬಿದ್ದ ಬೆಂಕಿಯನ್ನು ಹೆಲಿಕಾಪ್ಟರೊಂದು ಬುಡದ ಕೆರೆಯಿಂದ ದೊಡ್ಡ ಚೀಲದಲ್ಲಿ ನೀರೆತ್ತಿ ಆರಿಸಿತ್ತು. ಕತೆ ಆಗಲೇ ದಾದರ್‌ವರೆಗಿನ ಮೊಬೈಲುಗಳಲ್ಲಿ ಓಡಾಡುತ್ತಿತ್ತು.

"ಈ ಕತಿ ನಾ ಟ್ರೇನಿಂಗ್‌ನಾಗ ಇದ್ದಾಗ ಕೇಳಿದ್ದೆ," ಎಂದರು ಜೀಪಿನಲ್ಲಿ ಇನ್ಸ್‌ಪೆಕ್ಟರ್ ಸಚಿನ ಕದಂ. ನಿಪ್ಪಾಣಿಯವರು. "ಆವಾಗ ಯಾವುದೋ ಪರದೇಶದ್ದಿತ್ತು. ಈಗ ನಮ್ಮ ಠಾಣೆಗೇ ಬಂತು ನೋಡವ್ವ."

ಕಾನ್‌ಸ್ಟೆಬಲ್ ಶೈಲಾ ತಲೆಯಾಡಿಸಿದಳು. ಅವಳ ಬಾಯಿಗಿಂತ ಕಣ್ಣಿಗೇ ಕೆಲಸ ಹೆಚ್ಚು.

೧೦.೪೦ಕ್ಕೆ ಪಂಚನಾಮೆ. ಕದಂ ಹೇಳಿದರು, ಶೈಲಾ ಬರೆದಳು. ಮೃತನ ಹೆಸರು ಯಲ್ಲಾಲಿಂಗ, ವಯಸ್ಸು ೩೪. ಕೆರೆಯ ತೂಬಿಗೆ ಕಟ್ಟಿದ ಕಸವನ್ನು ಉಸಿರು ಹಿಡಿದು ಮುಳುಗಿ ತೆಗೆಯುವ ಕೆಲಸ. ಕೈಕಾಲು ಮುರಿದಿಲ್ಲ. ರಬ್ಬರ್ ಕರಗಿಲ್ಲ. ಸುತ್ತಲಿನ ಬೂದಿ ಚೆದುರಿಲ್ಲ.

"ಮ್ಯಾಲಿಂದ ಬಿದ್ದಾಂವಲ್ಲ. ಬೆಂಕಿ ಆರಿದ ಮ್ಯಾಲ ಯಾರೋ ತಂದು ಮಲಗಿಸ್ಯಾರ."

"ಸರ್, ತಲಿ ಕೆಳಗ ಕಲ್ಲಿಟ್ಟಾರ. ದಿಂಬಿನಂಗ," ಎಂದಳು ಶೈಲಾ. ಬಗ್ಗಿ ನೋಡಿ, "ನಡಕ್ಕ ಪಟ್ಟಿ ಐತಿ. ಹಗ್ಗ ಇಲ್ಲ. ಬಿಚ್ಚ್ಯಾರ," ಎಂದು ಸೇರಿಸಿದಳು.

ಠಾಣೆಗೆ ಮರಳಿದಾಗ ಮಲ್ಲಕ್ಕ ಇನ್ನೂ ಬೆಂಚಿನ ಮೇಲೇ ಕೂತಿದ್ದಳು.

"ಹಗ್ಗ ಹಿಡೀತಿದ್ದವರು ಯಾರು?" ಕೇಳಿದರು ಕದಂ.

"ನನ್ನ ತಮ್ಮ ಶರಣು. ನಮ್ಮಲ್ಲಿ ನೀರಿಗಿಳಿಯಾಂವನ ಹಗ್ಗ ಹೆಂಡ್ತಿ ತಮ್ಮನ ಕೈಯಾಗ ಇರಬೇಕ್ರಿ. ಹೆರವರಿಗೆ ಕೊಡಂಗಿಲ್ಲ. ಅಕ್ಕನ ತಾಳಿ ಹರೀಲಿ ಅಂತ ಯಾವ ತಮ್ಮ ಹಗ್ಗ ಬಿಡ್ತಾನ?"

"ಏನಂತಾನ ಅವ?"

"ಹಗ್ಗ ಸಮೇತ ಕಿತ್ತುಕೊಂಡು ಹೋತು ಅಂದ. ಸುಳ್ಳಂತೀರೇನ್ರಿ? ನೋಡ್ರಿ, ಎಷ್ಟು ತೆಳಗ ಬಂದೈತಿ. ಅವನೇ ನಿನ್ನೆ ನನಗೂ ಎಲ್ಲಾರಿಗೂ ಕಳಿಸ್ಯಾನ."

ಅವಳು ಮೊಬೈಲು ಚಾಚಿದಳು. ಎರಡೂವರೆ ನಿಮಿಷದ ವಿಡಿಯೊ, ಕಳಿಸಿದ್ದು ೩.೫೦ಕ್ಕೆ. ಹೆಲಿಕಾಪ್ಟರ್ ಇಳಿಯುತ್ತದೆ, ಚೀಲ ಮುಳುಗುತ್ತದೆ, ನೀರು ಸುರಿಸುತ್ತ ಏಳುತ್ತದೆ. ಕದಂ ಚೀಲ ನೋಡಿದರು. ಶೈಲಾ ಕೆಳಗಿನ ಅಂಚು ನೋಡಿದಳು.

ಅಲ್ಲಿ ದಡದ ಬಂಡೆಯ ಮೇಲೆ, ನೀರಿಗಿಳಿದ ಹಗ್ಗದ ತುದಿ ಬಿದ್ದಿತ್ತು. ಯಾರ ಕೈಯಲ್ಲೂ ಇರಲಿಲ್ಲ. ಅದು ಎರಡು ಸಲ ಜಗ್ಗಿತು. ತಡೆದು, ಮತ್ತೆರಡು ಸಲ. ಆಮೇಲೆ ಅಲ್ಲಾಡಲಿಲ್ಲ. ಕ್ಯಾಮೆರಾ ಹೆಲಿಕಾಪ್ಟರಿನ ಕಡೆಗೇ ಇತ್ತು.

"ಎರಡು ಸಲ ಜಗ್ಗಿದ್ರ ಏನವ್ವ?" ಮೆಲ್ಲಗೆ ಕೇಳಿದಳು ಶೈಲಾ.

"ಮ್ಯಾಲ ಎಳಿ ಅಂತ," ಎಂದಳು ಮಲ್ಲಕ್ಕ. ಶೈಲಾಳ ಬೆರಳಿದ್ದ ಕಡೆ ನೋಡಿದಳು.

ಮಧ್ಯಾಹ್ನ ೨.೧೫ಕ್ಕೆ ಶವಾಗಾರದ ಹೊರಗೆ ಶರಣು ಸಿಕ್ಕ. ಭಾವನ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಓಡಲಿಲ್ಲ.

"ಹಗ್ಗ ಎಲ್ಲಿ?" ಕೇಳಿದರು ಕದಂ.

"ಮನ್ಯಾಗೈತ್ರಿ. ಒಣ ಹಾಕೀನಿ."

"ಯಾಕ ಬಿಟ್ಟಿ?"

"ಅಷ್ಟು ಹತ್ರ ಹೆಲಿಕಾಪ್ಟರ್ ಎಂದೂ ಕಂಡಿದ್ದಿಲ್ರಿ. ಎರಡೂ ಕೈಲಿ ಮೊಬೈಲ್ ಹಿಡದೆ. ಆಮ್ಯಾಲ ಜಗ್ಗಿದೆ, ಬರಲಿಲ್ಲ. ನಾನೇ ಇಳದೆ. ಬಳ್ಳ್ಯಾಗ ಕಾಲು ಸಿಕ್ಕಿತ್ತು."

"ಗುಡ್ಡಕ್ಕ ಯಾಕ ಹೊತ್ತೊಯ್ದಿ?"

"ಕೆರ್ಯಾಗ ಸಿಕ್ಕಿದ್ರ ಅಕ್ಕ ಕೇಳ್ತಿದ್ಳು, ಹಗ್ಗ ಯಾರ ಕೈಯಾಗಿತ್ತು ಅಂತ. ಗುಡ್ಡದ ಮ್ಯಾಲ ಸಿಕ್ಕಿದ್ರ ಕೇಳಂಗಿಲ್ಲ."

ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ. ೩.೩೦ಕ್ಕೆ ಬಂಧನ. ಮಲ್ಲಕ್ಕ ಶೈಲಾಳ ಮೇಜಿನ ಅಂಚು ಹಿಡಿದು ನಿಂತಳು.

"ಹೆಲಿಕಾಪ್ಟರ್ ಅಂತ ಬರದ್ರ ನಿಮ್ಮದೇನು ಹೋಕ್ಕೈತಿ, ತಂಗಿ? ನನಗ ಉಳದಾಂವ ಅವನೊಬ್ಬನ."

ಶೈಲಾ ಕಾಗದವನ್ನು ಅವಳತ್ತ ಸರಿಸಿದಳು. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದಳು. ಫಿರ್ಯಾದಿದಾರರ ಹೆಸರಿನ ಮುಂದೆ ಮಲ್ಲಕ್ಕ ಹೆಬ್ಬೆಟ್ಟು ಒತ್ತಿದಳು.

ಸಂಜೆ ಲೋಕಲ್‌ನಲ್ಲಿ ಪಕ್ಕದ ಹೆಂಗಸು ಅದೇ ವಿಡಿಯೊ ನೋಡುತ್ತಿದ್ದಳು. "ಮನುಷ್ಯನನ್ನೇ ಎತ್ತಿಕೊಂಡು ಹೋಯಿತಂತೆ," ಎಂದು ಹಿಂದಿಯಲ್ಲಿ ಹೇಳಿ ಮೊಬೈಲನ್ನು ಇತ್ತ ವಾಲಿಸಿದಳು. ಶೈಲಾ ಕಿಟಕಿಯ ಕಡೆ ತಿರುಗಿಕೊಂಡಳು. ವಿಡಿಯೊದಲ್ಲಿ ಹಗ್ಗ ಮತ್ತೆ ಜಗ್ಗುವ ಹೊತ್ತಾಗಿತ್ತು.