ಎರಡನೇ ಕೀಪರ್‌ನ ಬಾಟಲಿ

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಗೋಲ್‌ಕೀಪರ್‌ಗಳು ವಿಡಿಯೊ ಕೋಣೆಗೆ ಬರಬೇಕೆಂದು ವಾರದ ವೇಳಾಪಟ್ಟಿಯಲ್ಲಿ ಬರೆದಿರುತ್ತಿತ್ತು. ಬರುತ್ತಿದ್ದವನು ಒಬ್ಬನೇ, ಅದೂ ಆಡದವನು.

"ಹತ್ತು ಐವತ್ತೆಂಟು," ಎಂದಳು ಕೌಸಲ್ಯಾ, ಕುರ್ಚಿ ತಿರುಗಿಸದೆ. "ಎರಡು ನಿಮಿಷ ಮುಂಚೆ ಬಂದ್ರೆ ಯಾರಾದ್ರೂ ಮೆಡಲ್ ಕೊಡ್ತಾರಾ?"

"ನಿಮ್ಮ ಫ್ಲಾಸ್ಕಲ್ಲಿ ಕಾಫಿ ಇರತ್ತೆ," ಎಂದ ತರುಣ್. "ಹನ್ನೊಂದಕ್ಕೆ ನೀವೇ ಮುಗಿಸಿಬಿಡ್ತೀರಿ. ಐ ಹ್ಯಾವ್ ಡೇಟಾ."

ಸಾಲ್ಫರ್ಡ್‌ನ ಅಂಚಿನಲ್ಲಿದ್ದ ಇರ್ವೆಲ್ ಟೌನ್ ದೊಡ್ಡ ಫುಟ್‌ಬಾಲ್ ಕ್ಲಬ್ಬೇನೂ ಅಲ್ಲ. ಶನಿವಾರ ಆರೇಳು ಸಾವಿರ ಜನ ಬರುತ್ತಿದ್ದರು. ಎದುರಾಳಿಗಳ ಆಟವನ್ನು ವಿಡಿಯೊದಲ್ಲಿ ನೋಡಿ, ಯಾರು ಎಲ್ಲಿಗೆ ಹೊಡೆಯುತ್ತಾರೆ ಎಂದು ಲೆಕ್ಕ ಹಾಕಿ ಕೊಡುವುದು ಕೌಸಲ್ಯಾಳ ಕೆಲಸ. ದಾವಣಗೆರೆಯಲ್ಲಿ ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಗಂಡನ ಜೊತೆ ಲೀಡ್ಸ್‌ಗೆ ಬಂದವಳು. ಎಂಟು ವರ್ಷದ ಹಿಂದೆ ಆ ಮದುವೆ ಜಗಳವಿಲ್ಲದೆ ಮುಗಿಯಿತು. ಈಗ ಅವಳಿಗೆ ನಲವತ್ತಮೂರು.

ತರುಣ್‌ಗೆ ಮೂವತ್ತೇಳು. ಹುಟ್ಟಿದ್ದು ಡರ್ಬಿಯಲ್ಲಿ. ಅಪ್ಪ ಅಲ್ಲಿನ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಮೈಸೂರಿನ ಅಮ್ಮ ಭಾನುವಾರ ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ ಅಕ್ಷರ ತಿದ್ದಿಸಿದ್ದರಿಂದ ಅವನಿಗೆ ಕನ್ನಡ ಓದಲು ಬರುತ್ತಿತ್ತು, ನಿಧಾನವಾಗಿ, ತುಟಿ ಅಲ್ಲಾಡಿಸಿಕೊಂಡು. ತಂಡದ ಮೊದಲ ಕೀಪರ್ ಕ್ಯಾಲಮ್. ತರುಣ್ ಎರಡನೆಯವನು. ನಾಲ್ಕು ವರ್ಷದಲ್ಲಿ ಆಡಿದ್ದು ಒಂಬತ್ತು ಪಂದ್ಯ.

ಪ್ರತಿ ವಾರವೂ ಅವನು ಆಡುವವನ ಹಾಗೆಯೇ ತಯಾರಾಗುತ್ತಿದ್ದ. ಗುರುವಾರ ವಿಡಿಯೊ, ಶುಕ್ರವಾರ ಒಂಬತ್ತೂವರೆಗೆ ನಿದ್ದೆ. ಶನಿವಾರ ಮೈದಾನಕ್ಕೆ ಬಂದು ಕ್ಯಾಲಮ್‌ನತ್ತ ನೂರು ಚೆಂಡು ಒದ್ದು, ಅವನ ಮೈ ಬಿಸಿ ಮಾಡಿ ಕೊಡುತ್ತಿದ್ದ. ಮೂರು ಗಂಟೆಗೆ ಸರಿಯಾಗಿ ತನ್ನ ಗ್ಲೌಸ್‌ಗೆ ನೀರು ಚಿಮುಕಿಸಿ ಒದ್ದೆ ಮಾಡಿಕೊಳ್ಳುತ್ತಿದ್ದ, ಚೆಂಡು ಅಂಟಲಿ ಎಂದು. ಆಮೇಲೆ ತೊಂಬತ್ತು ನಿಮಿಷ ಬೆಂಚಿನ ಮೇಲೆ. ಗ್ಲೌಸ್ ಕೈಯಲ್ಲೇ ಒಣಗುತ್ತಿತ್ತು.

"ಬೇಜಾರಾಗಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಬೇಜಾರಿಗೆ ಟೈಮ್ ಇಲ್ಲ. ಕ್ಯಾಲಮ್ ಎಲ್ಲಿದಾನೆ, ಬಾಲ್ ಎಲ್ಲಿದೆ, ನಾನಾಗಿದ್ರೆ ಎಲ್ಲಿ ನಿಲ್ತಿದ್ದೆ. ನನ್ನ ತಲೇಲಿ ನಾನು ಎಲ್ಲಾ ಮ್ಯಾಚೂ ಆಡಿದೀನಿ." ಸ್ವಲ್ಪ ತಡೆದು, "ಮನೆಗೆ ಹೋಗೋವಾಗ ಮಾತ್ರ ಕಾಲು ನೋಯಲ್ಲ. ಅದೊಂದು ಕೆಟ್ಟದಾಗಿರತ್ತೆ," ಎಂದಿದ್ದ.

ಅವಳು ಅವನನ್ನು ಪ್ರೀತಿಸತೊಡಗಿದ್ದು ಆ ಮಾತಿನಿಂದ ಇರಬೇಕು. ಅಥವಾ ಪರದೆಯಿಂದ. ಒಂದು ವಿಡಿಯೊ ತುಣುಕು ಮುಗಿದು ಇನ್ನೊಂದು ಬರುವ ನಡುವೆ ಪರದೆ ಒಂದು ಕ್ಷಣ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಅಕ್ಕಪಕ್ಕ ಕೂತ ಇಬ್ಬರ ಮುಖವೂ ಕಾಣುತ್ತಿತ್ತು. ಅವನ ಕಣ್ಣು ಆ ಕ್ಷಣಕ್ಕಾಗಿ ಮೊದಲೇ ಅಲ್ಲಿ ಬಂದು ನಿಂತಿರುತ್ತಿತ್ತು. ಹನ್ನೆರಡು ತುಣುಕಿಗೆ ಹನ್ನೊಂದು ಸಲ. ಎರಡು ವರ್ಷದಿಂದ ಅವಳು ಇದನ್ನು ಎಣಿಸಿಕೊಂಡು ಬಂದಿದ್ದಳು. ಇಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ.

ಹೊರಗೆಲ್ಲಾದರೂ ಕೂತು ಮಾತಾಡೋಣ ಎಂದು ಅವಳು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಶನಿವಾರ ಆಗ್ಲಿ." ಫೆಬ್ರವರಿಯಲ್ಲಿ ಒಮ್ಮೆ ತಾನಾಗಿ ಡಿಡ್ಸ್‌ಬರಿಯ ಹೋಟೆಲೊಂದಕ್ಕೆ ಊಟಕ್ಕೆ ಕರೆದಿದ್ದ. ಕ್ಯಾಲಮ್‌ಗೆ ನೆಗಡಿ ಎಂದು ಸುದ್ದಿ ಬಂದು, ತಾನು ಆಡಬೇಕಾಗಬಹುದೆಂದು ಅವನು ಊಟ ರದ್ದು ಮಾಡಿದ. ಕ್ಯಾಲಮ್ ಮಾತ್ರ ಆ ವಾರ ಮೂಗು ಒರೆಸಿಕೊಂಡೇ ಆಡಿದ.

ಆ ಗುರುವಾರ, ಎಂಟನೇ ತುಣುಕಿನ ಹೊತ್ತಿಗೆ, ಕೌಸಲ್ಯಾ ಹೇಳಿದಳು. "ನಂಗೆ ಡರ್ಬಿಯಲ್ಲಿ ಕೆಲಸ ಸಿಕ್ಕಿದೆ. ನಿಮ್ಮಪ್ಪನ ಕಾರ್ಖಾನೇಲೇ. ಎಂಜಿನ್ ಡೇಟಾ. ಸೋಮವಾರ ಐದರೊಳಗೆ ಉತ್ತರ ಕೊಡ್ಬೇಕು."

ಅವನು ಕಾಫಿ ಲೋಟ ಕೆಳಗಿಟ್ಟ. ಹಿಂದೆಂದೋ ಮುರಿದು ಸೊಟ್ಟಗೇ ಕೂಡಿಕೊಂಡ ಉಂಗುರ ಬೆರಳು ಲೋಟದ ಅಂಚಿನಲ್ಲೇ ಉಳಿಯಿತು.

"ಎಂಜಿನ್‌ಗಳು ಪೆನಾಲ್ಟಿ ಹೊಡೆಯಲ್ಲ," ಎಂದ.

"ಸುಳ್ಳೂ ಹೇಳಲ್ಲ. ಶನಿವಾರ ಆಗ್ಲಿ ಅಂತಾನೂ ಹೇಳಲ್ಲ."

ಅವನು ನಕ್ಕ. ಆಮೇಲೆ ಅದನ್ನೇ ಹೇಳಿದ. "ಶನಿವಾರ ಆಗ್ಲಿ, ಕೌಸಲ್ಯಾ. ಮಾತಾಡೋಣ."

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ದಣಿವಾಯಿತು, ಅಷ್ಟೆ.

ಶುಕ್ರವಾರ ಮಧ್ಯಾಹ್ನ ಅವಳು ಲೇಬಲ್ ಬರೆಯಲು ಕೂತಳು. ಎದುರಾಳಿಗಳಲ್ಲಿ ಪೆನಾಲ್ಟಿ ಹೊಡೆಯಬಲ್ಲವರ ನಂಬರು, ಪಕ್ಕದಲ್ಲಿ ಚೆಂಡು ಬರುವ ದಿಕ್ಕಿಗೊಂದು ಬಾಣ, ಒಂದೆರಡು ಪದ. ಅದನ್ನು ಕೀಪರ್‌ನ ನೀರಿನ ಬಾಟಲಿಗೆ ಅಂಟಿಸುವುದು ವಾಡಿಕೆ. ಪೆನಾಲ್ಟಿಯ ಮೊದಲು ಅವನು ನೀರು ಕುಡಿಯುವವನಂತೆ ಅದನ್ನು ಓದಿಕೊಳ್ಳುತ್ತಾನೆ. ಎದುರಾಳಿಗಳು ಬಾಟಲಿ ಕದ್ದು ಓದಿದ್ದೂ ಉಂಟು. ಅದಕ್ಕೇ ತರುಣ್‌ನದನ್ನು ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು, ಕ್ಯಾಲಮ್‌ನದು ಇಂಗ್ಲಿಷಿನಲ್ಲಿ. ಕ್ಯಾಲಮ್‌ನದನ್ನು ಅವಳು ಮೂರು ಸಲ ಪರೀಕ್ಷಿಸುತ್ತಿದ್ದಳು. ತರುಣ್‌ನದನ್ನು ಈಚೆಗೆ ಒಂದು ಸಲ.

ಎಂಟು ಸಾಲು ಬರೆದಳು. ಒಂಬತ್ತನೆಯದು ಹತ್ತೊಂಬತ್ತನೇ ನಂಬರಿನವನು. ಅವರ ಬದಲಿ ಸ್ಟ್ರೈಕರ್, ಬೆಂಚಿನಲ್ಲೇ ಇರುವವನು. ಎರಡು ವರ್ಷದಲ್ಲಿ ಹೊಡೆದದ್ದು ಒಂದೇ ಪೆನಾಲ್ಟಿ. ಲೇಬಲ್ಲಿನಲ್ಲಿ ಉಳಿದಿದ್ದದ್ದು ಒಂದೇ ಸಾಲಿನ ಜಾಗ.

ಹತ್ತೊಂಬತ್ತನ್ನು ಬಿಟ್ಟಳು. ಆ ಜಾಗದಲ್ಲಿ ಬರೆದಳು: "ಡರ್ಬಿಗೆ ಹೋಗಬೇಡಿ ಅಂತ ಒಂದು ಸಲ ಹೇಳು."

ಈ ಬಾಟಲಿಯನ್ನು ಪಂದ್ಯದಲ್ಲಿ ಯಾರೂ ಓದುವುದಿಲ್ಲ. ಸಂಜೆ ಚೀಲಕ್ಕೆ ಹಾಕಿಕೊಳ್ಳುವಾಗ ಅವನು ನೋಡುತ್ತಾನೆ. ಆಗ ಶನಿವಾರ ಆಗಿರುತ್ತದೆ. ಹಾಗೆಂದುಕೊಂಡು ಅಂಟಿಸಿದಳು.

ಶನಿವಾರ ಅರವತ್ತೊಂದನೇ ನಿಮಿಷದಲ್ಲಿ ಕ್ಯಾಲಮ್ ಕಂಬಕ್ಕೆ ಬಡಿದು ಬಿದ್ದ. ಭುಜ ಹಿಡಿದುಕೊಂಡವನು ಏಳಲಿಲ್ಲ.

ಮೇಲಿನ ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಕೌಸಲ್ಯಾಳಿಗೆ ತರುಣ್ ಏಳುವುದು ಕಂಡಿತು. ಜಾಕೆಟ್ ಬಿಚ್ಚಿದ. ಗ್ಲೌಸ್ ಮತ್ತೆ ಒದ್ದೆ ಮಾಡಿಕೊಂಡ. ಟವೆಲ್ ತೆಗೆದುಕೊಂಡ. ಬಾಟಲಿಯನ್ನೂ ತೆಗೆದುಕೊಂಡ. ಅದನ್ನು ಎದೆಗೊತ್ತಿಕೊಂಡು ಗೋಲಿನತ್ತ ಓಡಿದ, ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದವನಂತೆ. ಅವಳು ಲ್ಯಾಪ್‌ಟಾಪಿನಲ್ಲಿ ಎದುರಾಳಿಗಳ ಬದಲಿ ಆಟಗಾರರ ಪಟ್ಟಿ ತೆರೆದಳು.

ಚೆನ್ನಾಗಿಯೇ ಆಡಿದ. ಎರಡು ಸಲ ಚೆಂಡನ್ನು ಗಾಳಿಯಲ್ಲೇ ಹಿಡಿದ. ಎಪ್ಪತ್ತನೇ ನಿಮಿಷಕ್ಕೆ ಎದುರಾಳಿಗಳು ತಮ್ಮ ಪೆನಾಲ್ಟಿ ಹೊಡೆಯುವವನನ್ನು ಹೊರಗೆ ಕರೆಸಿಕೊಂಡರು. ಒಳಗೆ ಬಂದವನ ಬೆನ್ನಿನ ಮೇಲೆ ಹತ್ತೊಂಬತ್ತು. ಎಂಬತ್ತನಾಲ್ಕನೇ ನಿಮಿಷಕ್ಕೆ ರೆಫರಿ ಪೆನಾಲ್ಟಿಯ ಬಿಳಿ ಚುಕ್ಕೆಯತ್ತ ಕೈ ತೋರಿಸಿದ. ಹತ್ತೊಂಬತ್ತೇ ಚೆಂಡು ಎತ್ತಿಕೊಂಡ.

ತರುಣ್ ಕಂಬದ ಬಳಿ ಹೋಗಿ ಬಾಟಲಿ ಎತ್ತಿದ. ಅವನ ತುಟಿ ಅಲ್ಲಾಡುವುದು ಅಷ್ಟು ದೂರದಿಂದ ಕಾಣುವಂಥದ್ದಲ್ಲ. ಅವಳ ಲ್ಯಾಪ್‌ಟಾಪಿನ ಪರದೆಯಲ್ಲಿ ಕ್ಯಾಮೆರಾ ಅದನ್ನು ಹತ್ತಿರದಿಂದ ತೋರಿಸಿತು. ಒಮ್ಮೆ ಮೇಲಿನಿಂದ ಕೆಳಗೆ ಓದಿದ. ಕೊನೆಗೆ ಬಂದು ನಿಂತ. ಮತ್ತೆ ಓದಿದ. ರೆಫರಿ ಅವನನ್ನು ಗೆರೆಗೆ ಕರೆದ.

ಅವನು ಸರಿಯಾದ ಕಡೆಗೇ ಹಾರಿದ. ಚೆಂಡು ಬೆರಳ ತುದಿಗೆ ತಾಗಿ, ಕಂಬಕ್ಕೆ ಬಡಿದು, ಒಳಗೆ ಹೋಯಿತು.

ಐದೂವರೆಗೆ ವಿಡಿಯೊ ಕೋಣೆಯ ಬಾಗಿಲು ತೆರೆಯಿತು. ಶನಿವಾರ ಅವನು ಎಂದೂ ಅಲ್ಲಿಗೆ ಬಂದವನಲ್ಲ. ಕೂದಲು ಒದ್ದೆಯಾಗಿತ್ತು. ನಡೆಯುವಾಗ ಸ್ವಲ್ಪ ಕುಂಟುತ್ತಿದ್ದ. ಬಾಟಲಿಯನ್ನು ಮೇಜಿನ ಮೇಲೆ, ಲೇಬಲ್ ಅವಳತ್ತ ಮುಖ ಮಾಡುವಂತೆ ಇಟ್ಟ.

"ಹತ್ತೊಂಬತ್ತು ಎಲ್ಲಿ?"

"ಬಿಟ್ಟೆ."

"ಮರೆತ್ರಾ?"

ಹೂಂ ಎನ್ನುವುದು ಸುಲಭವಿತ್ತು. "ಇಲ್ಲ. ಜಾಗ ಬೇಕಿತ್ತು. ನೀನು ಆಡಲ್ಲ ಅಂದ್ಕೊಂಡೆ."

ಅವನು ಕುರ್ಚಿ ಎಳೆದು ಕೂತ.

"ಎಲ್ರೂ ಹಾಗೇ ಅಂದ್ಕೊಳ್ತಾರೆ," ಎಂದ. "ಮ್ಯಾನೇಜರ್, ಫ್ಯಾನ್ಸ್. ನಮ್ಮಪ್ಪ ಕೂಡ. ಮ್ಯಾಚ್‌ಗೆ ಬರೋದೇ ಬಿಟ್ರು. ಇಟ್ಸ್ ಫೈನ್. ನೀವು ಮಾತ್ರ ಪ್ರತಿ ವಾರ ಲೇಬಲ್ ಕೊಡ್ತಿದ್ರಿ. ಒಬ್ರಾದ್ರೂ ನಾನು ಆಡ್ತೀನಿ ಅಂದ್ಕೊಂಡಿದಾರೆ ಅಂತ ಇದ್ದೆ."

ಇಷ್ಟು ವರ್ಷ ಅವಳು ಅವನ ತಯಾರಿಯನ್ನು ಮೆಚ್ಚುತ್ತಾ, ಅದನ್ನು ನಂಬದೆಯೇ ಇದ್ದಳು. ಬೆಂಚಿನಲ್ಲಿ ಕೂತ ಇಬ್ಬರನ್ನು, ಹತ್ತೊಂಬತ್ತರವನನ್ನೂ ಇವನನ್ನೂ, ಒಂದೇ ಸಾಲಿನಲ್ಲಿ ಅಳಿಸಿದ್ದಳು.

"ತಪ್ಪಾಯ್ತು," ಎಂದಳು. "ಆದ್ರೆ ನೀನೂ ನನ್ನ ಬೆಂಚಲ್ಲೇ ಕೂರಿಸಿದೀಯ, ತರುಣ್. ಎರಡು ವರ್ಷ. ಶನಿವಾರ ಆಗ್ಲಿ, ಶನಿವಾರ ಆಗ್ಲಿ. ನನ್ನ ಗ್ಲೌಸೂ ಒಣಗಿಹೋಗಿದೆ."

ಅವನು ತಲೆಯೆತ್ತಿ ನೋಡಿದ. ಪರದೆಯಲ್ಲಲ್ಲ, ನೇರವಾಗಿ.

"ಹತ್ತೊಂಬತ್ತರ ಕ್ಲಿಪ್ ಹಾಕ್ತೀರಾ?"

ಹಾಕಿದಳು. ಎರಡು ವರ್ಷ ಹಳೆಯ, ಹನ್ನೊಂದು ಸೆಕೆಂಡಿನ ತುಣುಕು. ಅದರಲ್ಲೂ ಹತ್ತೊಂಬತ್ತರವನು ಚೆಂಡನ್ನು ಅದೇ ಮೂಲೆಗೆ ಹೊಡೆದಿದ್ದ.

"ಲೇಬಲ್ ಇಲ್ದೇನೇ ಸರಿಯಾದ ಕಡೆಗೆ ಹೋದ್ಯಲ್ಲ. ಹೇಗೆ?"

"ವಾರ್ಮಪ್‌ನಲ್ಲಿ ನೋಡಿದ್ದೆ. ಬೆಂಚಲ್ಲಿ ಕೂರೋರನ್ನ ನಾನು ಯಾವಾಗ್ಲೂ ನೋಡ್ತೀನಿ. ಬೇರೆ ಯಾರೂ ನೋಡಲ್ಲ."

"ಆ ಸಾಲು ಓದದೇ ಇದ್ದಿದ್ರೆ ಹಿಡೀತಿದ್ಯಾ?"

"ಗೊತ್ತಿಲ್ಲ." ಸೊಟ್ಟ ಬೆರಳನ್ನು ಮಡಿಸಿ ಬಿಡಿಸಿದ. "ಅಕ್ಷರ ಕೂಡಿಸಿ ಓದೋಕೆ ನಂಗೆ ಟೈಮ್ ಬೇಕು. 'ಹೋಗಬೇಡಿ'ಗೆ ಬರೋವಷ್ಟರಲ್ಲಿ ರೆಫರಿ ಬೈತಿದ್ದ. ಐ ವಾಸ್ ದಿಸ್ ಮಚ್ ಲೇಟ್." ಎರಡು ಬೆರಳ ನಡುವೆ ಒಂದು ಸಣ್ಣ ಸಂದು ತೋರಿಸಿದ. ಆಮೇಲೆ ತಾನೇ ನಕ್ಕುಬಿಟ್ಟ, ದಣಿದ ನಗು. "ಅಮ್ಮಂಗೆ ಹೇಳ್ಬೇಕು, ಕನ್ನಡ ಸರಿಯಾಗಿ ಕಲಿಸಿಲ್ಲ, ಅದಕ್ಕೇ ಸೋತ್ವಿ ಅಂತ."

ಅವಳಿಗೂ ನಗು ಬಂತು, ಕಣ್ಣಲ್ಲಿ ನೀರಿನ ಜೊತೆ.

"ಹೋಗಬೇಡಿ ಅಂತ ನಾನು ಹೇಳಲ್ಲ," ಎಂದ ತರುಣ್.

ಅವಳು ತಲೆಯಾಡಿಸಿದಳು. ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದಳು. ಅವನು ತನ್ನ ಕೈಯನ್ನು ಅವಳ ಕೈ ಮೇಲಿಟ್ಟ. ಗ್ಲೌಸಿನೊಳಗೆ ನೆನೆದು ಸುಕ್ಕಾಗಿದ್ದ ಬೆರಳುಗಳು ಬೆಚ್ಚಗಿದ್ದವು.

"ಪೂರ್ತಿ ಕೇಳಿ. ನಂಗೋಸ್ಕರ ಕಾಯಿರಿ ಅಂತ ಯಾರಿಗೂ ಹೇಳಲ್ಲ. ಕಾಯೋದು ಹೇಗಿರತ್ತೆ ಅಂತ ನಂಗೊತ್ತು. ಡರ್ಬಿಗೆ ಹೋಗಿ. ಒಳ್ಳೇ ಕೆಲಸ. ಸೋಮವಾರ ನಂಗೆ ರಜೆ. ಟ್ರೇನ್‌ನಲ್ಲಿ ಎರಡು ಗಂಟೆನೂ ಇಲ್ಲ. ಪ್ರತಿ ಸೋಮವಾರ ಬರ್ತೀನಿ. ಮೇ ತಿಂಗಳಲ್ಲಿ ಕಾಂಟ್ರ್ಯಾಕ್ಟ್ ಮುಗಿಯತ್ತೆ, ಆಮೇಲೆ ಅಲ್ಲೇ ಇರ್ತೀನಿ. ನಮ್ಮೂರಲ್ವಾ."

"ಕ್ಯಾಲಮ್‌ಗೆ ನೆಗಡಿ ಬಂದ್ರೆ?"

"ಬರ್ಲಿ. ಈ ಸೋಮವಾರದಿಂದಲೇ. ಡಿಡ್ಸ್‌ಬರಿ, ಏಳು ಗಂಟೆ. ನಿಮ್ಮನ್ನ ಪ್ರೀತಿಸ್ತೀನಿ ಅಂತ ಅಲ್ಲಿ ಹೇಳೋಣ ಅಂತಿದ್ದೆ. ನೀವು ಬಾಟಲಿ ಮೇಲೆ ಬರೆದು ಏಳು ಸಾವಿರ ಜನದ ಮುಂದೆ ಮುಗಿಸಿಬಿಟ್ರಿ."

ಪರದೆ ಕಪ್ಪಾಗಿತ್ತು. ಅದರಲ್ಲಿ ಇಬ್ಬರ ಮುಖವೂ ಇತ್ತು. ಯಾರೂ ಅತ್ತ ನೋಡಲಿಲ್ಲ.

ಸೋಮವಾರ ಮಧ್ಯಾಹ್ನ ಅವಳು ಡರ್ಬಿಗೆ ಒಪ್ಪಿಗೆ ಬರೆದು ಕಳಿಸಿದಳು. ಕ್ಯಾಲಮ್‌ಗೆ ಆರು ವಾರ ವಿಶ್ರಾಂತಿ ಎಂದು ಗೊತ್ತಾದದ್ದೂ ಅಂದೇ. ಕ್ಲಬ್ಬಿನಲ್ಲಿ ಅವಳ ನೋಟೀಸ್ ಅವಧಿಯೂ ಆರು ವಾರದ್ದೇ. ಏಳು ಗಂಟೆಗೆ ಅವಳು ಡಿಡ್ಸ್‌ಬರಿಯಲ್ಲಿ ಟ್ರಾಮ್ ಇಳಿದಾಗ ಅವನು ಆಗಲೇ ಅಲ್ಲಿ ನಿಂತಿದ್ದ. ಎರಡು ನಿಮಿಷ ಮುಂಚೆ.

ಆ ಶುಕ್ರವಾರ ಬಾಟಲಿಗೆ ಲೇಬಲ್ ಬರೆಯುವಾಗ ಕೌಸಲ್ಯಾ ಎದುರಾಳಿಗಳಲ್ಲಿ ಆಡುವ ಹನ್ನೊಂದು ಜನರನ್ನೂ ಬರೆದಳು, ಬೆಂಚಿನಲ್ಲಿ ಕೂರುವ ಏಳು ಜನರನ್ನೂ ಬರೆದಳು. ಅಕ್ಷರಗಳು ಸಣ್ಣಗಾದವು, ಆದರೂ ದುಂಡಗೆ, ಬೇಗ ಓದಲು ಬರುವಂತೆ. ಮೂರು ಸಲ ಪರೀಕ್ಷಿಸಿದಳು. ಕೆಳಗೆ ಇನ್ನೇನೂ ಬರೆಯಲು ಜಾಗ ಉಳಿಯಲಿಲ್ಲ. ಬರೆಯಬೇಕಾದದ್ದೂ ಉಳಿದಿರಲಿಲ್ಲ.